ಚಾರ್ಜ್ ಕೊಡುವವರೆಗೆ ಕಾದ ಕಣ್ಣು

ನಾಸಿಕದ ಮನೆಯಲ್ಲಿ ಪಾತ್ರೆಗಳಿಗೆ ಹಳೇ ಪೇಪರು ಸುತ್ತುತ್ತಿದ್ದ ಗುರುವಾರ ಬೆಳಿಗ್ಗೆ ನನ್ನ ಎಡಗಣ್ಣಿನ ಮೂಲೆಯಲ್ಲಿ ಮಿಂಚು ಹೊಡೆಯಿತು. ಹಿಂದೆಯೇ ಕರಿ ಚುಕ್ಕೆಗಳು, ಸಾಸಿವೆ ಚೆಲ್ಲಿದ ಹಾಗೆ. ನೋವಿಲ್ಲ, ಕೆಂಪಿಲ್ಲ. ಮೈನಸ್ ಎಂಟರ ಕನ್ನಡಕ ಹಾಕುವವಳು ನಾನು. ಇಂಥದ್ದಾದರೆ ಅಂದೇ ಡಾಕ್ಟರ ಹತ್ತಿರ ಓಡಬೇಕೆಂದು ಇಷ್ಟು ವರ್ಷ ಯಾರೂ ಹೇಳಿರಲಿಲ್ಲ.

ನನ್ನ ಯಜಮಾನರು ಬ್ಯಾಂಕಿನವರು. ಧಾರವಾಡ ಬಿಟ್ಟ ಮೇಲೆ ಅವರ ಪಾಲಿಗೆ ದೇವರೆಂದರೆ ವರ್ಗಾವಣೆಯ ಆರ್ಡರು. ಶನಿವಾರ ಇಲ್ಲಿ ಚಾರ್ಜ್ ಕೊಟ್ಟು ಸೋಮವಾರ ಸಂಭಾಜಿನಗರದ ಶಾಖೆಯಲ್ಲಿ ಹಾಜರಾಗಬೇಕಿತ್ತು.

“ಕೆಳಗಿಂದ ಕರೀ ಪರದೆ ಏಳಲಿಕ್ಕತ್ತದರಿ,” ಎಂದೆ ಶುಕ್ರವಾರ.

“ಧೂಳ ಬಿದ್ದಿರಬೇಕು. ಅಲ್ಲಿ ಬ್ಯಾಂಕಿನ ಪ್ಯಾನೆಲ್ ದವಾಖಾನಿ ಅದ. ಒಂದ್ ಸಲ ಜಾಯಿನ್ ಆಗಿಬಿಡ್ತೀನಿ, ಆಮ್ಯಾಲೆ ತೋರಿಸೋಣು.”

ಬ್ಯಾಂಕಿನ ಮನೆಗಳಲ್ಲಿ ಹೀಗೇ. ಹಲ್ಲುನೋವಿರಲಿ, ಮಕ್ಕಳ ಲಸಿಕೆಯಿರಲಿ, ಎಲ್ಲವೂ ಜಾಯಿನ್ ಆದ ಮೇಲೆ. ತಲೆಯಾಡಿಸಿ ಸುಮ್ಮನಾದ ನನ್ನ ಮೇಲೂ ನನಗೆ ಸಿಟ್ಟಿದೆ, ಆದರೆ ಅವರ ಮೇಲಿರುವಷ್ಟಿಲ್ಲ. ಭಾನುವಾರ ಹೊಸ ಊರಿಗೆ ಹೊರಟ ದಾರಿಯಲ್ಲಿ ನಿಫಾಡ್ ದಾಟುವಾಗ ಎಡಗಣ್ಣಿಗೆ ದ್ರಾಕ್ಷಿ ತೋಟಗಳ ಕೆಳಗರ್ಧ ಇರಲೇ ಇಲ್ಲ. ಸಂಜೆಗೆ ಪರದೆ ನಟ್ಟನಡುವೆ ಏರಿತ್ತು.

ಮಂಗಳವಾರ ಡಾಕ್ಟರು ಕಣ್ಣೊಳಗೆ ದೀಪ ಬಿಟ್ಟು ನೋಡಿದರು. ಒದ್ದೆ ಗೋಡೆಯಿಂದ ಸುಣ್ಣ ಏಳುವ ಹಾಗೆ ಕಣ್ಣಿನ ಹಿಂದಿನ ರೆಟಿನಾ ಪದರ ಎದ್ದಿದೆ ಎಂದರು. ಮಿಂಚು ಕಂಡ ದಿನವೇ ಬಂದಿದ್ದರೆ, ಆಗಿನ್ನೂ ಬರೀ ಹರಿದಿದ್ದ ಜಾಗಕ್ಕೆ ಲೇಸರ್ ಹಾಕಿ ಮುಗಿಸಬಹುದಿತ್ತೇನೋ. ಈಗ ನಡುಭಾಗವೂ ಬಿಟ್ಟುಕೊಂಡಿದೆ. ಆಪರೇಷನ್ ಮಾಡಿದರೂ ಹಳೆಯ ದೃಷ್ಟಿ ಪೂರ್ತಿ ಬರುವ ಭರವಸೆಯಿಲ್ಲ. ಇಷ್ಟು ದಿನ ಯಾಕೆ ಕಾದಿರಿ ಎಂದು ಕೇಳಿದರು. ಯಜಮಾನರು ಜಾಯಿನಿಂಗ್ ಕಥೆ ಶುರುಮಾಡಿದರು. ಡಾಕ್ಟರು ಅದಕ್ಕೆ ಕಿವಿಗೊಡಲಿಲ್ಲ. ನಾನು ಮಾತ್ರ ಒಂದಕ್ಷರ ಬಿಡದೆ ಕೇಳಿಸಿಕೊಂಡೆ.

ಆಪರೇಷನ್ ಮಾಡಿ ಕಣ್ಣಿಗೆ ಗ್ಯಾಸ್ ತುಂಬಿದರು. ಅದು ಪದರವನ್ನು ಒತ್ತಿ ಹಿಡಿಯಬೇಕಾದರೆ ವಾರವಿಡೀ ಮುಖ ಕೆಳಗೆ ಮಾಡಿಯೇ ಇರಬೇಕು. ಮೂರನೇ ದಿನ ಹೊಸ ಶಾಖೆಯ ಮ್ಯಾನೇಜರರ ಹೆಂಡತಿ ಅರಿಸಿನ ಕುಂಕುಮ ಹಿಡಿದು ನೋಡಲು ಬಂದರು.

“ಸಾಹೇಬರ ಮನಿಯವರು ಬಂದಾರ. ಒಂದ್ ನಿಮಿಷ ಮುಖಾ ಎತ್ತು,” ಎಂದರು ಯಜಮಾನರು.

“ನೆಲಕ್ಕ ಕೂತು ಹಚ್ಚಲಿಕ್ಕೆ ಹೇಳ್ರಿ,” ಎಂದೆ, ಬೋರಲು ಮಲಗಿಯೇ.

ಆಕೆ ಕುಂಕುಮದ ಬಟ್ಟಲು ಟೇಬಲ್ಲಿನ ಮೇಲಿಟ್ಟು ಹೋದರು. ಮರ್ಯಾದೆ ಹೋಯಿತೆಂದು ಯಜಮಾನರು ಎರಡು ದಿನ ಮುಖ ಗಂಟಿಕ್ಕಿಕೊಂಡೇ ಓಡಾಡಿದರು.

ಗ್ಯಾಸ್ ಕರಗಿದ ಮೇಲೆ ಡಾಕ್ಟರ ಕೋಣೆಯಲ್ಲಿ ಬಲಗಣ್ಣಿಗೆ ಅಂಗೈ ಇಟ್ಟುಕೊಂಡು ನೋಡಿದೆ. ಸುತ್ತಲಿನ ಅಂಚು ಮರಳಿತ್ತು. ನಡುವೆ ಬೂದಿ ಬಣ್ಣದ ಕಲೆ.

“ನಾ ಕಾಣಸ್ತೀನೇನ?” ಯಜಮಾನರು ಎದುರಿಗೆ ಬಾಗಿ ಕೇಳಿದರು.

“ಕಿವಿ ಕಾಣ್ತಾವ, ಕಾಲರ್ ಕಾಣ್ತದ. ಮುಖ ಇಲ್ರಿ.”

ಅವರು ಕುರ್ಚಿ ಎಳೆದುಕೊಂಡು ನನ್ನ ಬಲಗಡೆ ಬಂದು ಕೂತರು. ನಾನು ಬಲಗಣ್ಣಿನ ಮೇಲಿನ ಕೈ ತೆಗೆಯಲಿಲ್ಲ.