ಮಷೀನಿಗೆ ಮಾಡಿಸಿದ ಸ್ನಾನ

ಒಂಟಿಕೊಪ್ಪಲಿನ ನಮ್ಮ ಮನೆಗೆ ಒಂದು ಕಾರ್ ಶೆಡ್ ಇದೆ. ಕಾರು ಮಾತ್ರ ಯಾವ ಕಾಲಕ್ಕೂ ಇರಲಿಲ್ಲ. ಮಾವನವರು ಮನೆ ಕಟ್ಟಿಸುವಾಗ ಮುಂದೆಂದಾದರೂ ಬೇಕಾದೀತು ಅಂತ ಕಟ್ಟಿಸಿಟ್ಟು ಹೋದರು. ಅಲ್ಲಿ ನಮ್ಮ ಸ್ಕೂಟರು, ಅತ್ತೆ ರಾಶಿ ಹಾಕಿದ ತೆಂಗಿನಕಾಯಿ, ನಾನು ಎಸೆಯಲೆಂದು ಹೊರಗಿಟ್ಟಾಗಲೆಲ್ಲ ಅವರು ತಿರುಗಿ ಒಳಗೆ ತರುತ್ತಿದ್ದ ಒಂದು ಬೆತ್ತದ ಕುರ್ಚಿ ಇದ್ದವು. ಒಂದು ಭಾನುವಾರ ನನ್ನ ಗಂಡ ತೆಂಗಿನಕಾಯಿಗಳನ್ನೆಲ್ಲ ಮೂಲೆಗೆ ಸರಿಸಿ, ಗುಜರಿ ಅಂಗಡಿಯಿಂದ ತಂದ ಹಳೆಯ ಪ್ರಿಂಟರುಗಳನ್ನು ಬಿಚ್ಚಿಕೊಂಡು ಕೂತರು. ನನಗೆ ಮೊದಲು ಬಂದದ್ದು ಸಿಟ್ಟು. ಮನೆಗೆ ಬರುವ ಕಸ ಸಾಲದು ಅಂತ ದುಡ್ಡು ಕೊಟ್ಟು ಬೇರೆ ತರಬೇಕೆ? ಆದರೆ ಅವರು ಮೆಲ್ಲಗೆ ಶಿಳ್ಳೆ ಹಾಕುತ್ತಿದ್ದುದು ಕಿವಿಗೆ ಬಿತ್ತು. ಆ ಶಿಳ್ಳೆ ಕೇಳಿ ಬಹಳ ಕಾಲವಾಗಿತ್ತು. ಬಾಯಿ ಮುಚ್ಚಿಕೊಂಡು ಒಳಗೆ ಹೋದೆ.

ಅವರು ಒಂದು ಕಾರ್ಖಾನೆಯಲ್ಲಿ ಅಚ್ಚು, ಹತಾರಗಳನ್ನು ಮಾಡುವ ಟೂಲ್ ರೂಮಿನಲ್ಲಿ ಕೆಲಸ ಮಾಡುತ್ತಿದ್ದವರು. ಆ ವಿಭಾಗವನ್ನೇ ಮುಚ್ಚಿ ಎಲ್ಲರನ್ನೂ ಮನೆಗೆ ಕಳಿಸಿದರು. ನಾನು ಶಾಲೆಯಲ್ಲಿ ಪಾಠ ಹೇಳುವುದರಿಂದ ಮನೆಯೇನೋ ನಡೆಯುತ್ತಿತ್ತು. ಇವರು ಮಾತ್ರ ನಿಂತುಬಿಟ್ಟಿದ್ದರು. ಬೆಳಗ್ಗೆ ಪೇಪರನ್ನು ಟೆಂಡರ್ ಪ್ರಕಟಣೆಯವರೆಗೂ ಓದುವುದು, ಮಧ್ಯಾಹ್ನ ಅದನ್ನೇ ಇನ್ನೊಮ್ಮೆ ಓದುವುದು. ಅಷ್ಟರಲ್ಲಿ ಹೊಸೂರಿಗೆ ಹೋಗಿ ಸೇರಿಕೊಂಡಿದ್ದ ಅವರ ಹಳೆಯ ಸೂಪರ್‌ವೈಸರ್ ಫೋನ್ ಮಾಡಿ, ‘ಇಲ್ಲೊಂದು ಕೆಲಸ ಇದೆ, ಬಂದ್ಬಿಡು’ ಅಂದರು. ಅಲ್ಲಿ ನಾಲ್ಕಾರು ಜನರ ಜೊತೆ ಒಂದು ರೂಮು, ಊರಿಗೆ ಬರುವುದು ತಿಂಗಳಿಗೊಮ್ಮೆ ರಜೆ ಸಿಕ್ಕರೆ. ಇವರಿಗೆ ಹೋಗುವ ಮನಸ್ಸಿಲ್ಲ, ಬೇಡ ಅನ್ನುವ ಧೈರ್ಯವೂ ಇಲ್ಲ. ‘ದಸರಾ ಕಳೆದ ಮೇಲೆ ಹೇಳ್ತೀನಿ ಸಾರ್’ ಅಂದಿದ್ದರು. ನನಗೂ ಅತ್ತೆಗೂ ಅವರು ಹೋಗುವುದು ಸುತರಾಂ ಇಷ್ಟವಿರಲಿಲ್ಲ. ಆದರೆ ಹೋಗಬೇಡಿ ಅನ್ನಲು ಬದಲಿಗೆ ತೋರಿಸುವಂಥದ್ದು ನಮ್ಮ ಹತ್ತಿರ ಏನೂ ಇರಲಿಲ್ಲ.

ಇವರು ಕಟ್ಟಲು ಹೊರಟದ್ದು ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಮಷೀನು. ಲ್ಯಾಪ್‌ಟಾಪಿನಲ್ಲಿ ಚಿತ್ರ ಬರೆದುಕೊಟ್ಟರೆ ಸಾಕು, ಗಿರ್ರನೆ ತಿರುಗುವ, ಬಿಟ್ ಅನ್ನುವ ಒಂದು ಉಕ್ಕಿನ ಮೊನೆ ಹಲಗೆಯ ಮೇಲೆ ತಾನೇ ಓಡಾಡಿ ಅದನ್ನು ಕೊರೆಯುತ್ತದೆ. ಎಡಬಲಕ್ಕೊಂದು, ಹಿಂದೆಮುಂದೆ ಓಡಿಸಲು ಒಂದು, ಮೇಲೆಕೆಳಗೆ ಆಡಿಸಲು ಒಂದು ಮೋಟಾರು. ಸರಳುಗಳೂ ಬೆಲ್ಟುಗಳೂ ಪ್ರಿಂಟರಿನಿಂದ ಬಂದವು, ಪಕ್ಕದ ಕಂಬಗಳಿಗೆ ಪ್ಲೈವುಡ್ಡು. ವೈರುಗಳೆಲ್ಲ ಸೇರುವ ಸರ್ಕ್ಯೂಟ್ ಬೋರ್ಡಿಗೆ ನನ್ನ ಹಪ್ಪಳದ ಪ್ಲಾಸ್ಟಿಕ್ ಡಬ್ಬಿಯೇ ಮನೆಯಾಯಿತು. ಮರ ಇಟ್ಟು ಕೊರೆಯುವ ಹಾಸು ಮಾತ್ರ ಎಂಡಿಎಫ್ ಹಲಗೆ. ಮರದ ಪುಡಿಗೆ ಅಂಟು ಬೆರೆಸಿ ಒತ್ತಿ ಮಾಡುತ್ತಾರಲ್ಲ, ಅದು. ‘ಇದರಷ್ಟು ಸಮ ಇರೋದು ಇನ್ಯಾವುದೂ ಇಲ್ಲ ಕಣೆ’ ಎಂದು ಅದರ ಮೇಲೆ ಕೈಯಾಡಿಸಿ ಆಡಿಸಿ ತೋರಿಸಿದರು. ಮದುವೆಯಾದ ಹೊಸದರಲ್ಲಿ ನನ್ನನ್ನೂ ಇಷ್ಟು ಹೊಗಳಿದವರಲ್ಲ.

ಮೊದಲ ಪರೀಕ್ಷೆಗೆ ಬಿಟ್ ಬದಲು ಒಂದು ಪೆನ್ನು ಕಟ್ಟಿ, ಪೇಪರಿನ ಮೇಲೆ ವೃತ್ತ ಬರೆಯಲು ಹೇಳಿದರು. ಮಷೀನು ಬಹಳ ಗಾಂಭೀರ್ಯದಿಂದ ಒಂದು ಕೋಳಿಮೊಟ್ಟೆ ಬರೆಯಿತು. ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, “ನಾನು ಕಣ್ಣು ಮುಚ್ಕೊಂಡು ಕೋಡುಬಳೆ ಸುತ್ತಿದ್ರೂ ಇದಕ್ಕಿಂತ ದುಂಡಗಿರ್ತದೆ ಕಣೋ” ಅಂದರು. ಎಡಬಲಕ್ಕೆ ಎಳೆಯುವ ಬೆಲ್ಟು ಸಡಿಲವಿತ್ತು ಅಂತ ಆಮೇಲೆ ಗೊತ್ತಾಯಿತು. ಬಿಗಿ ಮಾಡಿದರು, ವೃತ್ತ ವೃತ್ತವಾಯಿತು. ಆ ಪೇಪರನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಓಡಾಡಿದರು.

ಇನ್ನೊಂದು ಕಾಯಿಲೆ ಅಷ್ಟು ಸುಲಭಕ್ಕೆ ಸಿಗಲಿಲ್ಲ. ಚೆನ್ನಾಗಿ ಕೊರೆಯುತ್ತ ಕೊರೆಯುತ್ತಲೇ ಮಷೀನು ಥಟ್ಟನೆ ನಿಂತುಬಿಡುತ್ತಿತ್ತು. ಅಂಚು ಮುಟ್ಟಿದೆ, ಇನ್ನು ಮುಂದೆ ಹೋಗಲಾರೆ ಅಂತ ಲ್ಯಾಪ್‌ಟಾಪಿನಲ್ಲಿ ದೂರು. ನೋಡಿದರೆ ಅಂಚು ಇನ್ನೂ ಗೇಣುದ್ದ ದೂರ. ಇವರು ಪ್ರೋಗ್ರಾಮ್ ಬದಲಿಸಿದರು, ಅಂಚು ಮುಟ್ಟಿದ್ದನ್ನು ತಿಳಿಸುವ ಸ್ವಿಚ್ಚು ಬದಲಿಸಿದರು, ಕೊನೆಗೆ ಶೆಡ್ಡಿನ ವಾಸ್ತು ಸರಿಯಿಲ್ಲವೇನೋ ಎಂದು ಅತ್ತೆ ಅಂದಾಗ ಅದಕ್ಕೂ ಅರ್ಧ ತಲೆಯಾಡಿಸಿದರು. ಒಂದು ಬೆಳಗ್ಗೆ ನಾನು ಚಟ್ನಿಗೆ ಹಾಕಿ ಮಿಕ್ಸಿ ತಿರುಗಿಸಿದೆ, ಹೊರಗೆ ಇವರು “ಥತ್!” ಅಂದರು. ಮಿಕ್ಸಿ ನಿಲ್ಲಿಸಿದೆ. ಇವರು ಮತ್ತೆ ಶುರು ಮಾಡಿದರು. ಅನುಮಾನ ಬಂದು ಬೇಕೆಂದೇ ಮಿಕ್ಸಿಯನ್ನು ಇನ್ನೊಂದು ಸುತ್ತು ತಿರುಗಿಸಿದೆ. “ಥತ್!”

“ರೀ, ನಿಮ್ಮ ಮಷೀನಿಗೆ ನನ್ನ ಚಟ್ನಿ ಕಂಡ್ರೆ ಆಗಲ್ಲ” ಎಂದು ಹೊರಗೆ ಹೋಗಿ ಹೇಳಿದೆ.

ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿ ವೈರುಗಳನ್ನು ನೋಡಿದರು. ಮಿಕ್ಸಿ ತಿರುಗಿದಾಗ ಕರೆಂಟಿನಲ್ಲಿ ಏಳುವ ಗಲಾಟೆಯನ್ನು ಆ ಸ್ವಿಚ್ಚಿನ ಬಡ ವೈರುಗಳು ಹಿಡಿದು, ಅಂಚು ಮುಟ್ಟಿತು ಎಂದು ತಿಳಿಯುತ್ತಿದ್ದವಂತೆ. ಹೊದಿಕೆ ಇರುವ ಬೇರೆ ವೈರು ಹಾಕಿ ಅರ್ಥಿಂಗ್ ಕೊಡುವವರೆಗೂ ನಾನು ಅಡುಗೆಮನೆಯಿಂದ “ಮಿಕ್ಸಿ ಹಾಕ್ತೀನಿ!” ಎಂದು ಕೂಗಿ ಅಪ್ಪಣೆ ಪಡೆಯಬೇಕಾಯಿತು. ಎದುರು ಮನೆಯವರು ನಮ್ಮ ಮನೆಯಲ್ಲಿ ಮಿಕ್ಸಿಗೂ ಜಗಳವೇನೋ ಅಂದುಕೊಂಡಿರಬೇಕು.

ಮಷೀನು ಹದಕ್ಕೆ ಬಂದ ಮೇಲೆ ಏನು ಕೊರೆಯಬೇಕು ಎನ್ನುವುದನ್ನು ಅತ್ತೆಯೇ ಹೇಳಿದರು: ಅಳಗುಳಿ ಮಣೆ. ಎರಡು ಸಾಲು ಗುಳಿ, ಸಾಲಿಗೆ ಏಳು, ಅದರಲ್ಲಿ ಹುಣಸೆಬೀಜ ಹಾಕಿ ಆಡುವ ಆಟ. ಇವರು ಹಲಸಿನ ಹಲಗೆಯಲ್ಲಿ ಮೊದಲ ಮಣೆ ಕೊರೆದಾಗ ಗುಳಿಗಳು ಲೋಟದ ಹಾಗೆ ನೆಟ್ಟಗಿದ್ದವು, ಬೀಜ ಮೂಲೆಯಲ್ಲಿ ಕೂತು ಬೆರಳಿಗೆ ಬರಲೊಲ್ಲದು. ಅತ್ತೆ ಮುಖ ಸಿಂಡರಿಸಿದರು. ತುದಿ ದುಂಡಗಿರುವ ಬಿಟ್ ಹಾಕಿ ಬಟ್ಟಲಿನಂತೆ ಕೊರೆದ ಮೇಲೆ ಒಂದೇ ಸಲಕ್ಕೆ ಬೀಜಗಳನ್ನೆಲ್ಲ ಬಳಿದೆತ್ತಿ, “ಈಗ ಸರಿ” ಅಂದರು. ಆ ಮಣೆಯನ್ನು ಅವರು ಲಕ್ಷ್ಮೀಪುರಂನ ಗೆಳತಿಯ ಮನೆಗೆ ಆಡಲು ಒಯ್ದದ್ದೇ ತಡ, ಅಲ್ಲಿಂದ ಆರ್ಡರ್ ಬಂತು. ದಸರಾ ಮುಗಿದ ವಾರದಲ್ಲೇ ಗೆಳತಿಯ ಮೊಮ್ಮಗಳ ಮದುವೆ, ಬರುವ ಹೆಣ್ಣುಮಕ್ಕಳಿಗೆ ಕೊಡಲು ಎರಡು ಡಜನ್ ಪುಟ್ಟ ಮಣೆ ಬೇಕು. ಇವರು ಆವತ್ತು ಊಟ ಮಾಡುತ್ತ ನನಗೆ ಹೇಳಿದರು: “ಇಷ್ಟನ್ನ ಹೊತ್ತಿಗೆ ಸರಿಯಾಗಿ ಮಾಡಿಕೊಟ್ರೆ ನಾನು ಹೊಸೂರಿಗೆ ಹೋಗಲ್ಲ. ಆಗದೆ ಹೋದ್ರೆ ಇದೆಲ್ಲ ಆಟ ಅಂತ ಅರ್ಥ, ಹೋಗ್ತೀನಿ.” ಅತ್ತೆ ಅನ್ನದ ಚಮಚ ಹಿಡಿದು ನಿಂತೇ ಇದ್ದರು.

ಆಯುಧಪೂಜೆಯ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮಣೆಗಳು ಮುಗಿದಿದ್ದವು. ಬೆಳಗ್ಗೆ ನಾವಿಬ್ಬರೂ ಮಾರ್ಕೆಟ್ಟಿಗೆ ಹೋಗಿ ಸೇವಂತಿಗೆ, ಬಾಳೆಕಂದು, ಬೂದುಗುಂಬಳ ಎಲ್ಲ ಹೊತ್ತುಕೊಂಡು ಬಂದೆವು. ಗೇಟಿನ ಕೆಳಗಿಂದ ನೀರು ಹರಿದು ರಸ್ತೆಗೆ ಬರುತ್ತಿತ್ತು. ನೀರು ತುಸು ಹಳದಿಗಿತ್ತು, ಹಲಸಿನ ಪುಡಿಯ ಬಣ್ಣ. ಇವರು ಆ ನೀರನ್ನು ನೋಡಿದರು, ಕುಂಬಳಕಾಯಿಯನ್ನು ನನ್ನ ಕೈಗೆ ತುರುಕಿ ಓಡಿದರು.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಪೈಪು ಹಿಡಿದು, ಬೆಳ್ಳಗೆ ನಗುತ್ತ ನಿಂತಿದ್ದರು. ಸ್ಕೂಟರು ಫಳಫಳ ಅನ್ನುತ್ತಿತ್ತು. ಅದರ ಪಕ್ಕದಲ್ಲಿ ಮಷೀನೂ ಫಳಫಳ ಅನ್ನುತ್ತಿತ್ತು, ಮೋಟಾರಿನ ಹಣೆಯ ಮೇಲೆ ಮೂರು ಎಳೆ ವಿಭೂತಿ.

“ಎಷ್ಟು ಧೂಳು ಕೂತಿತ್ತು ಗೊತ್ತೇನೋ! ಸ್ಕೂಟ್ರು ತೊಳೆದೆ, ಅಂಗೇ ಇದನ್ನೂ ತೊಳ್ದ್ಬುಟ್ಟೆ. ಸೋಪು ಹಾಕಿ ಉಜ್ಜಿವ್ನಿ.”

ಇವರು ಬೆತ್ತದ ಕುರ್ಚಿಯಲ್ಲಿ ಕುಸಿದು ಕೂತರು. ಅಷ್ಟು ಹೊಗಳಿಸಿಕೊಂಡಿದ್ದ ಎಂಡಿಎಫ್ ಹಾಸು ಕಾಫಿಯಲ್ಲಿ ಅದ್ದಿದ ರಸ್ಕಿನ ಹಾಗೆ ಉಬ್ಬಿತ್ತು. ಹಪ್ಪಳದ ಡಬ್ಬಿಯ ಮುಚ್ಚಳ ತೆಗೆದರೆ ಒಳಗಿಂದ ಸೋಪಿನ ನೀರು ಇಳಿಯಿತು. ನನಗೆ ತಡೆಯಲಾಗಲಿಲ್ಲ. “ಕರೆಂಟಿನ ಸಾಮಾನು ಅಂತ ಗೊತ್ತಾಗ್ಲಿಲ್ವಾ ಅತ್ತೆ?” ಎಂದು ಕೂಗಿಯೇಬಿಟ್ಟೆ.

“ವರ್ಷಾ ವರ್ಷಾ ಗ್ರೈಂಡ್ರೂ ತೊಳೀತೀವಲ್ಲಮ್ಮ” ಅಂದರು ಅತ್ತೆ. ಅನ್ನುತ್ತಲೇ ಮಗನ ಮುಖ ನೋಡಿದರು. ಪೈಪು ಕೈಯಿಂದ ಜಾರಿತು. “ಅಯ್ಯೋ, ನನ್ನ ಕೈಯಾರೆ ನಿನ್ನ ಹೊಸೂರಿಗೆ ಕಳಿಸ್ಬುಟ್ನೇನೋ?”

ಆ ಮಾತಿಗೆ ನನ್ನ ಸಿಟ್ಟು ಇಳಿದುಹೋಯಿತು. ಮಗ ಉಳಿಯಲಿ ಎಂದು ನನ್ನಷ್ಟೇ, ಬಹುಶಃ ನನಗಿಂತ ಹೆಚ್ಚು, ಹಂಬಲಿಸಿದ ಜೀವ ಅದು. ಪೂಜೆ ಚೆನ್ನಾಗಿ ಆಗಲಿ, ಮಷೀನು ಕೈ ಹಿಡಿಯಲಿ ಎಂದೇ ಅಷ್ಟು ಉಜ್ಜಿದ್ದರು.

ಇವರು ಎದ್ದು ಪ್ಲಗ್ಗಿನ ಕಡೆ ಹೋದರು. ಬದುಕಿದೆಯೋ ಸತ್ತಿದೆಯೋ ಈಗಲೇ ನೋಡಬೇಕು. ಅತ್ತೆ ಅಡ್ಡ ನಿಂತರು. ವಿಭೂತಿ ಇಟ್ಟಾಗಿದೆ, ಪೂಜೆಗೆ ಇಟ್ಟ ಆಯುಧವನ್ನು ವಿಜಯದಶಮಿ ಬೆಳಗಾಗುವ ತನಕ ನಡೆಸುವ ಹಾಗಿಲ್ಲ. “ತಪ್ಪು ಮಾಡಿವ್ನಿ ಸರಿ. ಅದರ ಮೇಲೆ ಇನ್ನೊಂದು ತಪ್ಪು ಬ್ಯಾಡ ಕಣೋ.” ತಾಯಿ ಮಗ ಸ್ವಿಚ್ಚಿನ ಮುಂದೆ ಹೋರಾಡಿದರು. ಮಗ ಸೋತರು, ಪಾಪ, ಅಳುತ್ತಿರುವ ತಾಯಿಯ ಜೊತೆ ಯಾರು ತಾನೇ ಗೆಲ್ಲುತ್ತಾರೆ. ನಡೆಸಬಾರದು ಸರಿ, ಗಾಳಿ ಹಾಕಬಹುದೇ ಎಂದು ನಾನು ಕೇಳಿದೆ. ಅತ್ತೆ ಯೋಚಿಸಿ, ದೇವರಿಗೂ ಚಾಮರ ಬೀಸುತ್ತಾರಲ್ಲ, ಗಾಳಿ ಪರವಾಗಿಲ್ಲ ಅಂದರು. ಟೇಬಲ್ ಫ್ಯಾನ್ ಬಂತು. ಕೂದಲು ಒಣಗಿಸುವ ಡ್ರೈಯರ್ ಚಾಮರದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬ ಬಗ್ಗೆ ಇನ್ನೊಂದು ಸುತ್ತು ಚರ್ಚೆಯಾಗಿ ಅದಕ್ಕೂ ಅನುಮತಿ ಸಿಕ್ಕಿತು. ಹೀಗೆ ಒಂದು ಕಡೆ ಫ್ಯಾನು, ಇನ್ನೊಂದು ಕಡೆ ನಾನು ಡ್ರೈಯರ್ ಹಿಡಿದು ಕೂತಿರುವಾಗಲೇ ಮಷೀನಿಗೆ ಸೇವಂತಿಗೆ ಹಾರ ಬಿತ್ತು, ಮಂಗಳಾರತಿ ಆಯಿತು, ಗೇಟಿನ ಮುಂದೆ ಬೂದುಗುಂಬಳ ಒಡೆಯಿತು. ಸಂಜೆ ಯಾರೂ ಕಾಣದ ಹೊತ್ತಿನಲ್ಲಿ ನಾನು ಅಟ್ಟದಿಂದ ಸೂಟ್‌ಕೇಸ್ ಇಳಿಸಿ, ಒರೆಸಿ, ಇವರ ಒಳ್ಳೆಯ ಷರಟುಗಳನ್ನು ಇಸ್ತ್ರಿ ಮಾಡಿ ಅದರಲ್ಲಿಟ್ಟೆ. ಹೋಗುವುದೇ ಆದರೆ ನೆಟ್ಟಗೆ ಹೋಗಲಿ ಅಂತ.

ದಶಮಿಯ ಬೆಳಗ್ಗೆ ಪೂಜೆ ಮುಗಿಸಿ ಇವರು ಪ್ಲಗ್ ಹಾಕಿದರು. ಬೋರ್ಡಿನ ಮೇಲೆ ಹಸಿರು ದೀಪ ಹತ್ತಿತು. ಒದ್ದೆಯಿದ್ದಾಗಲೇ ಕರೆಂಟು ಕೊಟ್ಟಿದ್ದರೆ ಸುಟ್ಟೇ ಹೋಗುತ್ತಿತ್ತು ಎಂದು ಆಮೇಲೆ ನನ್ನೊಬ್ಬಳಿಗೇ ಹೇಳಿದರು. ಅತ್ತೆಗೆ ಹೇಳಿದ್ದರೆ ಅವರು ಇಡೀ ಒಂಟಿಕೊಪ್ಪಲಿಗೆ ಹೇಳುತ್ತಿದ್ದರು.

ಇನ್ನು ಉಬ್ಬಿದ ಹಾಸು. ಹಬ್ಬದ ದಿನ ಹೊಸ ಹಲಗೆ ಕೊಡುವ ಅಂಗಡಿ ಒಂದೂ ತೆರೆದಿರಲಿಲ್ಲ. ಇವರು ಹಾಸಿನ ಸುತ್ತ ನಾಲ್ಕು ಸಲ ಸುತ್ತಿದರು. ಆಮೇಲೆ ಅಗಲವಾದ ಒಂದು ಬಿಟ್ ಹಾಕಿ, ಹಾಸಿನ ಮೇಲೆ ಏನೂ ಇಡದೆ ಮಷೀನನ್ನು ಓಡಿಸಿದರು. ಅದು ತನ್ನ ಹಾಸನ್ನೇ ತಾನು ಕೆರೆದುಕೊಳ್ಳುತ್ತ ಈ ತುದಿಯಿಂದ ಆ ತುದಿಗೆ ಗದ್ದೆ ಉತ್ತ ಹಾಗೆ ಹೋಗಿ ಬಂತು. ಉಬ್ಬೆಲ್ಲ ಪುಡಿಯಾಗಿ ಹಾರಿತು. ನಮ್ಮ ಮೂವರ ತಲೆಯೂ ಬೆಳ್ಳಗಾಯಿತು. ಹಾಸು ತೆಳ್ಳಗಾದರೂ ಸಮವಾಯಿತು. ಅದರ ಮೇಲೆ ಹಲಸಿನ ಹಲಗೆ ಬಿಗಿದು ಒಂದು ಮಣೆ ಕೊರೆಸಿ ಅತ್ತೆಯ ಕೈಗೆ ಕೊಟ್ಟರು. ಅತ್ತೆ ಮೆಟ್ಟಿಲ ಮೇಲೆ ಕೂತು, ಒಂದೊಂದು ಗುಳಿಗೂ ಬೀಜ ಹಾಕಿ ಬಳಿದು ನೋಡಿದರು. ಮಣೆಯನ್ನು ಮಡಿಲಲ್ಲಿಟ್ಟುಕೊಂಡರು.

ಮಧ್ಯಾಹ್ನ, ಎದುರು ಮನೆಯ ಟಿವಿಯಲ್ಲಿ ಜಂಬೂಸವಾರಿ ಶುರುವಾಗಿ, ಇಲ್ಲಿ ಎರಡನೆಯ ಮಣೆ ಅರ್ಧವಾಗಿದ್ದಾಗ ಇವರ ಫೋನ್ ರಿಂಗಾಯಿತು. ಹೊಸೂರಿನ ಸೂಪರ್‌ವೈಸರ್, ಹಬ್ಬದ ಶುಭಾಶಯ ಹೇಳಿ, ಏನು ತೀರ್ಮಾನ ಮಾಡಿದೆ ಎಂದು ಕೇಳಿರಬೇಕು. ಅತ್ತೆಯ ಬೆರಳು ಬೀಜದ ಮೇಲೇ ನಿಂತಿತು.

ಇವರು ಒಂದು ಕಿವಿ ಮುಚ್ಚಿಕೊಂಡು, ಮಷೀನಿನ ಸದ್ದಿಗಿಂತ ಜೋರಾಗಿ ಕೂಗಿ ಹೇಳಿದರು:

“ಇಲ್ಲ ಸಾರ್, ಬರಕ್ಕಾಗಲ್ಲ. ನಂಗೆ ಇಲ್ಲಿ ಕೆಲಸ ಇದೆ.”

ಇಷ್ಟೇ. ಫೋನ್ ಜೇಬಿಗೆ ಹಾಕಿ, ಬಗ್ಗಿ, ಕೊರೆದ ಗುಳಿಯ ಪುಡಿಯನ್ನು ಊದಿದರು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಧೂಳು ಕಣೋ, ಧೂಳು ಅಂದರು. ನಾನು ಒಳಗೆ ಹೋಗಿ ಸೂಟ್‌ಕೇಸ್ ತೆಗೆದು, ಷರಟುಗಳನ್ನು ಒಂದೊಂದಾಗಿ ಬೀರುವಿಗೆ ವಾಪಸು ಜೋಡಿಸಿದೆ. ಜೋರಾಗಿಯೇ ಅಳು ಬಂತು. ಮಷೀನಿನ ಸದ್ದಿಗೆ ಯಾರಿಗೂ ಕೇಳಿಸಲಿಲ್ಲ.