ರೇಡಿಯೋದ ಬೆನ್ನಿಗೆ ಭೋಂಗಾ

ನಮ್ಮ ಸೀಮೆ ನಿಜಾಮಶಾಹಿಯಿಂದ ಬಿಡುಗಡೆಯಾಗಿ ನಾಲ್ಕೈದು ವರ್ಷ ಕಳೆದಿರಬೇಕು. ಶಾಲೆಯಲ್ಲಿ ನಾನು ಓದಿದ್ದು ಉರ್ದು. ಕನ್ನಡ ಸಿಕ್ಕಿದ್ದು ಸುರಪುರದಲ್ಲಿ, ನನ್ನ ತಾಯಿಯ ತಂದೆ ಹಾಡುತ್ತಿದ್ದ ತತ್ವಪದಗಳಿಂದ. ಅಂಥ ಅಜ್ಜನ ಮುಂದೆ ಹೈದರಾಬಾದಿನಿಂದ ಗಿಟಾರು ಹಿಡಿದುಕೊಂಡು ಬಂದು ನಿಂತೆ. ತೊಡೆಯ ಮೇಲೆ ಅಡ್ಡ ಮಲಗಿಸಿ, ತಂತಿಯ ಮೇಲೆ ಕಬ್ಬಿಣದ ತುಂಡು ಎಳೆದು ನುಡಿಸುವ ಗಿಟಾರು ಅದು.

ಅಜ್ಜ ಕೇಳಿ, "ಬೆಕ್ಕಿಗೆ ಹೊಟ್ಟಿಬ್ಯಾನಿ ಬಂದಂಗದ" ಎಂದ.

ಅಷ್ಟರಲ್ಲಿ ಅಜ್ಜನ ಪದಗಳನ್ನು ಮಂದಿಯ ಮುಂದೆಯೇ ಟೇಪಿನಲ್ಲಿ ತುಂಬಿಕೊಳ್ಳಲು ಗುಲಬರ್ಗಾದ ಮಾಸ್ತರರೊಬ್ಬರು ಯಾದಗಿರಿಗೆ ಬರುವುದೆಂದಾಯಿತು. ಕಾಡಿ ಬೇಡಿ ನಾನೂ ಜೊತೆಗೆ ಕೂರುತ್ತೇನೆಂದೆ. ಅಜ್ಜ ಒಪ್ಪಿದ. "ಒಮ್ಮಿ ಕೂಡು. ನನ್ನ ಪದ ಕೆಟ್ಟಿತಂದ್ರ, ಮತ್ತ ಆ ಕಟಗಿ ತಗೊಂಡು ಮ್ಯಾಳದಾಗ ಕಾಲಿಡಬ್ಯಾಡ."

ತಾಳ, ದಮ್ಮಡಿಗಳ ಬಡಿತದ ನಡುವೆ ಬರಿ ಗಿಟಾರಿನ ದನಿ ಯಾರಿಗೂ ಕೇಳುವಂಥದ್ದಲ್ಲ. ಯಾದಗಿರಿ ಸ್ಟೇಷನ್ ಹತ್ತಿರ ರೇಡಿಯೋ ರಿಪೇರಿ ಮಾಡುವವನೊಬ್ಬ ಗಿಟಾರಿನ ತಂತಿಯ ಕೆಳಗೆ ದನಿ ಹಿಡಿಯುವ ಅಯಸ್ಕಾಂತದ ಡಬ್ಬಿ ಕೂಡಿಸಿಕೊಟ್ಟ. ಅವನ ದುಕಾನಿನಲ್ಲಿ ದನಿ ದೊಡ್ಡದು ಮಾಡುವ ವಾಲ್ವಿನ ಪೆಟ್ಟಿಗೆ ಎರಡಿದ್ದವು. ಒಂದು, ಅಗಲ ಬಾಯಿಯ ತಗಡಿನ ಭೋಂಗಾ ಹಚ್ಚಿದ ಮೈಕ್ ಸೆಟ್ಟು. ಬಯಲು ತುಂಬುವ ದನಿ, ಆದರೆ ತಗಡು ಹರಿದಂತೆ ಕರ್ಕಶ. ಇನ್ನೊಂದು ಕಟ್ಟಿಗೆಯ ಹಳೆ ರೇಡಿಯೋ. ಗ್ರಾಮೋಫೋನಿಗೆಂದು ಬೆನ್ನಲ್ಲಿದ್ದ ತೂತಿಗೆ ಗಿಟಾರಿನ ವೈರು ಚುಚ್ಚಿದರೆ ಜೇನು ಸುರಿದಂತೆ ನುಡಿಯುತ್ತಿತ್ತು, ಆದರೆ ನಾಲ್ಕು ಮಾರು ದಾಟುತ್ತಿರಲಿಲ್ಲ.

"ಮಂದಿಗೆ ಕೇಳಸಾಕ ಭೋಂಗಾ, ಟೇಪಿಗೆ ರೇಡಿಯೋ," ಎಂದ ರಿಪೇರಿಯವ. "ಎರಡಕ್ಕೂ ಒಂದ ಬೇಕಂದ್ರ, ಭಾಯ್, ಒಂದ ಜೋಡು ಚಪ್ಪಲಿ ಇಬ್ಬರ ಕಾಲಿಗೆ ಹಾಕಿದಂಗ."

ನಿರ್ಧರಿಸಲಾಗದೆ ಎರಡನ್ನೂ ಬಾಡಿಗೆ ಹಿಡಿದೆ. ಪದ ತುಂಬಿಕೊಳ್ಳುವುದು ಹತ್ತಿ ಬೀಜ ಬಿಡಿಸುವ ಜಿನ್ನಿನ ಪಕ್ಕದ ಚಾವಡಿಯಲ್ಲಿ. ಅಲ್ಲಿಗೆ ಜಿನ್ನಿನ ಇಂಜಿನ್ನಿನಿಂದಲೇ ಕರೆಂಟಿನ ವೈರು ಎಳೆದಿದ್ದರು. ಆ ದಿನ ಮಧ್ಯಾಹ್ನದಿಂದ ಈ ಪೆಟ್ಟಿಗೆಯಿಂದ ಆ ಪೆಟ್ಟಿಗೆಗೆ ಓಡಾಡುತ್ತಿದ್ದ ನನ್ನನ್ನು ಅಜ್ಜ ನೋಡಿದ.

"ಏನ್ ಮಾಡಾಕತ್ತೀಯೋ, ಸೂಲಕ್ಕ ಬಂದ ಎಮ್ಮಿ ಹಂಗ?"

ಸಂಕಟವನ್ನೆಲ್ಲ ಹೇಳಿಕೊಂಡೆ.

"ನಾ ಮೆಲ್ಲಕ ಹೇಳಿದ್ದು ಹಿಂದ ಕೂತ ಮಂದಿಗೆ ಹೆಂಗ ಮುಟ್ಟತದ?"

"ಹಿಮ್ಮೇಳದವರು ಎತ್ತಿ ಹಾಡ್ತಾರಲ್ಲ ಅಜ್ಜಾ."

"ಮತ್ತ? ಸಣ್ಣ ಪೆಟಗಿ ಹೇಳಲಿ, ದೊಡ್ಡ ಪೆಟಗಿ ಎತ್ತಲಿ. ಹೈದರಾಬಾದಿನ್ಯಾಗ ಇಷ್ಟೂ ಕಲಸಲಿಲ್ಲೇನು?"

ಗಿಟಾರನ್ನು ರೇಡಿಯೋಕ್ಕೆ ಹಚ್ಚಿ, ಭೋಂಗಾದ ಮೈಕನ್ನು ರೇಡಿಯೋದ ಮುಂದಿಟ್ಟೆ. ಕೀ... ಎಂದು ಕೂಗಿತು. ಭೋಂಗಾದ ಬಾಯಿಯನ್ನು ಚಾವಡಿಯ ಹೊರಗೆ ತಿರುಗಿಸಿದ ಮೇಲೆ ಸುಮ್ಮನಾಯಿತು. ಮಾಸ್ತರರು ತಮ್ಮ ಟೇಪಿನ ಮೈಕನ್ನು ಅಜ್ಜನಿಗೂ ರೇಡಿಯೋಕ್ಕೂ ನಡುವೆ ನಿಲ್ಲಿಸಿದರು.

ಎರಡು ಪದ ಸುಸೂತ್ರವಾದವು. ಮೂರನೆಯದರ ನಡುವೆ ಜಿನ್ನಿನ ಇಂಜಿನ್ ಉಬ್ಬಸ ಬಂದಂತೆ ಕೆಮ್ಮತೊಡಗಿತು. ಕರೆಂಟು ಇಳಿದು ವಾಲ್ವುಗಳ ಕೆಂಪು ಮಂಕಾಯಿತು, ಭೋಂಗಾ ಸತ್ತಿತು, ರೇಡಿಯೋದಲ್ಲಿ ಸೊಳ್ಳೆಯಷ್ಟು ದನಿ ಉಳಿಯಿತು. ಬೆವರಿದ ಬೆರಳಲ್ಲಿ ಕಬ್ಬಿಣ ಜಾರುತ್ತಿತ್ತು. ಅಜ್ಜನ ಮುಖ ನೋಡುವ ಧೈರ್ಯವಾಗಲಿಲ್ಲ. ಆದರೆ ಅವನ ದನಿ ಸಣ್ಣದಾಗುತ್ತ ಬಂದದ್ದು ಕಿವಿಗೆ ಬಿತ್ತು. ನನ್ನ ತಂತಿಯಷ್ಟೇ ಸಣ್ಣಗೆ ಹಾಡುತ್ತಿದ್ದ. ಹಿಮ್ಮೇಳವೂ ತಗ್ಗಿತು, ಹೊರಗೆ ಕೂತವರು ಎದ್ದು ಬಂದು ಬಾಗಿಲಲ್ಲಿ ಕಿವಿಗೊಟ್ಟು ನಿಂತರು. ಪದ ಹಾಗೆಯೇ ಮುಗಿಯಿತು. ಟೇಪು ಹೇಗಾಗಿದೆಯೋ ಎಂದು ಮಾಸ್ತರರು ತಲೆ ಕೆರೆದುಕೊಂಡರು.

ಅಜ್ಜ ರುಮಾಲು ಸುತ್ತಿಕೊಂಡು ಎದ್ದ. ನಾನು ತಲೆ ಬಗ್ಗಿಸಿ ವೈರು ಸುತ್ತುತ್ತಿದ್ದೆ.

"ಸೋಮವಾರ ದೋರನಹಳ್ಳಿಯಾಗ ಭಜನಿ ಅದ. ದಮ್ಮಡಿಯವನ ಬಾಜೂಕ ಕೂಡು."

ಜೀವ ಬಂದಂತಾಯಿತು. ಮರುಗಳಿಗೆಗೇ ಕೈಯಲ್ಲಿದ್ದ ವೈರು ನೋಡಿದೆ.

"ಅಜ್ಜಾ, ಅಲ್ಲಿ ಕರೆಂಟಿಲ್ಲ."

"ಇಲ್ಲಿ ಇತ್ತೇನು?" ಎನ್ನುತ್ತ ಅಜ್ಜ ಚಪ್ಪಲಿ ಹುಡುಕತೊಡಗಿದ.