ತಂತಿ ಕಿತ್ತವರು ಯಾರು?

ಆ ತಂತಿ ಕಿತ್ತ ಕೈ ನನ್ನದೇ ಎಂದು ನನಗೆ ಸ್ಪಷ್ಟವಾಗಿ ನೆನಪಿದೆ. ಅಷ್ಟು ಸ್ಪಷ್ಟವಾಗಿ ನೆನಪಿರುವುದರಿಂದಲೇ ಅನುಮಾನ. ದಿನಚರಿ ಬರೆಯುವವರಿಗೆ ಇದೊಂದು ಕಷ್ಟ: ಹಳೆಯ ಪುಟ ತೆರೆದರೆ, ಹೇಳಿಕೊಂಡು ತಿರುಗಿದ ಕಥೆಗೂ ಅಲ್ಲಿ ಬರೆದದ್ದಕ್ಕೂ ಮುಖಪರಿಚಯವೂ ಇರುವುದಿಲ್ಲ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಮೈಸೂರಿನಿಂದ ಬಂದ ನಾನು, ಸಾಂತಾಕ್ರೂಜ್‌ನಲ್ಲಿ ಬಾಡಿಗೆಗಿದ್ದು, ಔಷಧ ಕಂಪನಿಯೊಂದರ ಗೋರೆಗಾಂವ್ ಗೋಡೌನಿನಲ್ಲಿ ಬಿಲ್ ಮಾಡುತ್ತಿದ್ದೆ. ಪಕ್ಕದ ಮೇಜು ವಿಜಾಪುರದ ವತ್ಸಲಾಬಾಯಿಯವರದು. ದೊಡ್ಡ ಕಂಪ್ಯೂಟರ್ ಇದ್ದದ್ದು ಊರಿನ ಆ ತುದಿಯ, ಲೋಕಲ್ ರೈಲಿನಲ್ಲಿ ಗಂಟೆ ದೂರದ ಫೋರ್ಟಿನ ಹೆಡ್ ಆಫೀಸಿನಲ್ಲಿ. ನಮ್ಮಲ್ಲಿದ್ದದ್ದು ಟೆಲಿಫೋನ್ ತಂತಿಯ ತುದಿಗೆ ಕಟ್ಟಿದ ಒಂದು ಪರದೆ, ಒಂದು ಕೀಲಿಮಣೆ ಮಾತ್ರ. ನಡುವೆ ಎಲ್ಲೋ ನಾಲ್ಕು ಹನಿ ಬಿದ್ದರೆ ತಂತಿ ಸಾಯುತ್ತಿತ್ತು. ಬಿಲ್ಲಿಲ್ಲದೆ ಟೆಂಪೋಗಳು ಗೇಟಿನಾಚೆಗೂ ಸಾಲು ನಿಲ್ಲುತ್ತಿದ್ದವು.

ಕಂಪನಿಯ ಮುಂದೆ ಎರಡು ದಾರಿ. ನಮ್ಮ ಸೆಕ್ಷನ್ನನ್ನೇ ಫೋರ್ಟಿಗೆ ಒಯ್ಯುವುದು. ಇಲ್ಲವೇ ತಂತಿಯ ಈ ತುದಿಯಲ್ಲೇ ಸ್ವಂತವಾಗಿ ಪ್ರೋಗ್ರಾಮ್ ನಡೆಸಬಲ್ಲ ಹೊಸ ಡಬ್ಬಿಯೊಂದನ್ನು ಕೂರಿಸುವುದು. ನನಗೆ ಎರಡೂ ಒಂದೇ. ವತ್ಸಲಾಬಾಯಿಗೆ ಹಾಗಲ್ಲ. ಗೋಡೌನಿನ ಹಿಂದಿನ ಚಾಳಿನ ಒಂಟಿಕೋಣೆಯ ಮನೆಯಲ್ಲಿ ಅವರ ಯಜಮಾನರು ಹಾಸಿಗೆ ಹಿಡಿದಿದ್ದರು. ಮಧ್ಯಾಹ್ನ ಓಡಿಹೋಗಿ ಉಣ್ಣಿಸಿ, ಮಗ್ಗುಲು ಬದಲಿಸಿ ಬರುತ್ತಿದ್ದರು. ಫೋರ್ಟ್ ಎಂದರೆ ಅವರಿಗೆ ನೌಕರಿ ಬಿಟ್ಟ ಹಾಗೆ.

ಡಬ್ಬಿಯ ಕೆಲಸ ಕಲಿಸಲು ಧಾರವಾಡದ ದೇಸಾಯರು ಬಂದರು. ಶನಿವಾರ ಸಂಜೆ ವಿಲೆ ಪಾರ್ಲೆಯಲ್ಲಿ ಕ್ಲಾಸು; ಅಲ್ಲೂ ಅಂಥದೇ ಒಂದು ಡಬ್ಬಿ, ಫೋರ್ಟಿಗೆ ಒಂದು ತಂತಿ. ಪಾಠಗೀಠ ಏನೂ ಇಲ್ಲ. "ಕೈ ಹಚ್ರಿ, ಕೆಟ್ರ ನೋಡೋಣಂತ" ಎಂದು ಕೀಲಿಮಣೆಯನ್ನು ನಮ್ಮತ್ತ ತಳ್ಳಿದರು. ನಾವಿಬ್ಬರೂ ಸೇರಿ ಪ್ರೋಗ್ರಾಮ್ ಬರೆದೆವು. ಬಿಲ್ ಸರಸರ ಬಂತು. ನಾನು ಎಂ.ಎಸ್ಸಿ.ಗೆ ತಕ್ಕ ಮುಖ ಮಾಡಿಕೊಂಡೆ. ದೇಸಾಯರು ಡಬ್ಬಿಯ ಹಿಂದೆ ಹೋಗಿ ತಂತಿ ಎಳೆದರು. ಪರದೆ ಕಲ್ಲಾಯಿತು.

"ಯಾರನ್ನ ಕಾಯ್ಲಿಕತ್ತದ ಇದು?"

"ಫೋರ್ಟಿನ ಒಪ್ಪಿಗೆಗೆ ಸಾರ್. ಮಾಲು ಕೊಡಬಹುದಾ ಅಂತ ಕೇಳ್ತಿದೆ," ಎಂದೆ.

"ಮಾಲು ಎಲ್ಲದ?"

"ನಮ್ಮ ಗೋಡೌನಿನಲ್ಲೇ."

"ಮತ್ತ ಅವರೇನು ಅಲ್ಲಿಂದ ದುರ್ಬೀನು ಹಚ್ಚಿ ನೋಡ್ತಾರೇನು?"

ವತ್ಸಲಾಬಾಯಿಗೆ ನಗು ತಡೆಯಲಿಲ್ಲ. "ಸರ್, ನಾವು ಗುಂಡುಪಿನ್ ಬೇಕಂದ್ರೂ ಫೋರ್ಟಿಗೆ ಬರಿಯೋರು. ಡಬ್ಬಿಗೂ ಅದನ್ನ ಕಲಿಸೀವಿ ನೋಡ್ರಿ."

ಡಬ್ಬಿ ನಮ್ಮನ್ನೇ ಹೋಲುತ್ತಿತ್ತು. ಕಾಲೇಜಿನ ಲ್ಯಾಬಿನಲ್ಲೂ ನಾನು ಮೀಟರಿನ ಮುಳ್ಳು ನೋಡುವ ಮೊದಲು ಪ್ರೊಫೆಸರರ ಮುಖ ನೋಡುತ್ತಿದ್ದವನು. ಲೋಕಲ್ ರೈಲಿನಲ್ಲಿ ಒಳಗೆ ಸಿಕ್ಕಿಕೊಂಡವರು "ಅಂಧೇರಿ ಆಯಾ ಕ್ಯಾ?", ಸ್ಟೇಷನ್ ಬಂತಾ, ಎಂದು ಕೇಳುತ್ತಲೇ ಇರುತ್ತಾರೆ, ಬಾಗಿಲಲ್ಲಿ ನಿಂತವನು ಇಳಿದು ಹೋಗಿರುತ್ತಾನೆ. ಹಿಂದಿನ ಕಾಲದ ಗಡಿಯ ಪಾಳೆಯಗಾರನೂ ಅಷ್ಟೇ. ಶತ್ರು ಬಂದಾಗ ರಾಜಧಾನಿಗೆ ಓಲೆ ಕಳಿಸಿ ಕೂರುತ್ತಿರಲಿಲ್ಲ. ಮೊದಲು ಕೋಟೆಯ ಬಾಗಿಲು ಹಾಕಿ ಆಮೇಲೆ ವರದಿ ಬರೆಸುತ್ತಿದ್ದ. ನಾವೂ ಪ್ರೋಗ್ರಾಮನ್ನು ತಿರುಗಿ ಬರೆದೆವು. ಇನ್ನು ಡಬ್ಬಿ ತನ್ನ ಸ್ಟಾಕ್ ತಾನೇ ನೋಡಿ ಬಿಲ್ ಕೊಡಬೇಕು. ತಂತಿ ಎಚ್ಚೆತ್ತಾಗ ಫೋರ್ಟಿಗೆ ಲೆಕ್ಕ ಒಪ್ಪಿಸಿ ತಾಳೆ ನೋಡಬೇಕು.

ಪರೀಕ್ಷೆ ಮಾಡಿ ಡಬ್ಬಿಯೋ ಫೋರ್ಟೋ ತೀರ್ಮಾನಿಸಲು ಫೋರ್ಟಿನ ಸಾಹೇಬರು ಗೋಡೌನಿಗೆ ಬಂದರು. ಮಳೆಗಾಲವೇ, ಆದರೆ ಅಂದು ಬಿಸಿಲು, ಲೈನ್ ಬಂಗಾರದಂತೆ ನಡೆಯುತ್ತಿತ್ತು. ತಂತಿ ಸಾಯಲಿ ಎಂದು ನಾವು ಹರಕೆ ಹೊತ್ತದ್ದು ಅದೇ ಮೊದಲು. "ಲೈನ್ ತೋ ಬಢಿಯಾ ಹೈ, ಫಿರ್ ಡಬ್ಬಾ ಕಾಯ್ಕೋ?" ಲೈನ್ ಇಷ್ಟು ಚೆನ್ನಾಗಿರುವಾಗ ಡಬ್ಬಿ ಯಾಕೆ ಎಂದರು ಸಾಹೇಬರು. ದೇಸಾಯರು ತಂತಿ ತೆಗೆದು ತೋರಿಸಲೇ ಎಂದು ಕೇಳಿದರು. "ಉಸ್ಕೇಲಿಯೇ ಊಪರ್ ಸೇ ಪರ್ಮಿಷನ್ ಲಗೇಗಾ." ಅದಕ್ಕೆ ಮೇಲಿನಿಂದ ಒಪ್ಪಿಗೆ ಬೇಕಂತೆ. ಅಂದರೆ ಸಾಹೇಬರಿಗೂ ಮೇಲೊಂದು ಫೋರ್ಟ್ ಇತ್ತು! ಊಟದ ಹೊತ್ತಾಗಿತ್ತು. ವತ್ಸಲಾಬಾಯಿ ಚಾಳಿನ ಕಡೆಯ ಕಿಟಕಿ ನೋಡಿದರು. ಸಾಹೇಬರು ಕಾಗದ ಮಡಚತೊಡಗಿದರು.

ಆಗ "ಲೈನ್ ಇಲ್ಲ" ಎಂಬ ಅಕ್ಷರ ಪರದೆಯ ಮೂಲೆಯಲ್ಲಿ ಮಿನುಗಿತು. ಬಿಲ್ಲುಗಳು ಮಾತ್ರ ಬರುತ್ತಲೇ ಇದ್ದವು. ಸಾಹೇಬರು ಒಂದಿಷ್ಟು ಹೊತ್ತು ನೋಡಿ, ಕಾಗದ ಬಿಚ್ಚಿ, ಡಬ್ಬಿ ಇರಲಿ ಎಂದು ಸಹಿ ಹಾಕಿದರು. ವತ್ಸಲಾಬಾಯಿ ಚಪ್ಪಲಿ ಸಿಕ್ಕಿಸಿಕೊಂಡು ಚಾಳಿಗೆ ಓಡಿದರು. ಮೇಜಿನ ಕೆಳಗೆ ತಂತಿ ಕಿತ್ತು ಬಿದ್ದಿತ್ತು.

ಕಿತ್ತವನು ನಾನು. ಕಾಲಿಂದ ಒದ್ದು ಕೆಡವಿದ್ದು ತಾನೆಂದು ದೇಸಾಯರು. ಇಲ್ಲ, ಸೆರಗು ಸರಿಮಾಡುವ ನೆವದಲ್ಲಿ ಬಗ್ಗಿ ಎಳೆದದ್ದು ತಾನೆಂದು ವತ್ಸಲಾಬಾಯಿ. ದಿನಚರಿ ತೆಗೆದು ನೋಡಿದೆ: "ಬಿಸಿಲು. ಲೈನ್ ಚೆನ್ನಾಗಿತ್ತು. ದೇಸಾಯರ ಡಬ್ಬಿಯಲ್ಲಿ ಶೇಂಗಾ ಚಟ್ನಿ." ಅಷ್ಟೇ.

ಇಡೀ ನೌಕರಿಯಲ್ಲಿ ಯಾರನ್ನೂ ಕೇಳದೆ ಮಾಡಿದ ಕೆಲಸ ನಮಗೆ ಮೂವರಿಗೂ ಸೇರಿ ಅದೊಂದೇ ಇದ್ದೀತು. ಹಾಗಾಗಿ ಮೂವರಿಗೂ ಅದು ಬೇಕು. ಡಬ್ಬಿಯ ಲೆಕ್ಕ ತಪ್ಪಿದರೆ ತಿದ್ದಲು ಫೋರ್ಟಿತ್ತು. ನಮ್ಮ ಮೂರು ಪ್ರತಿಗಳನ್ನು ತಾಳೆ ನೋಡುವವರು ಯಾರು?

ಮೊನ್ನೆ ವತ್ಸಲಾಬಾಯಿ ಫೋನ್ ಮಾಡಿದ್ದರು. ಯಜಮಾನರು ಹೋಗಿ ಎಷ್ಟೋ ವರ್ಷವಾಗಿದೆ. ಮಾತಿನ ನಡುವೆ ತಟ್ಟನೆ, "ಖರೇ ಹೇಳ್ರಿ, ಅವತ್ತು ನಾನಲ್ಲೇನ್ರೀ ಕಿತ್ತದ್ದು?" ಎಂದರು.

ಆ ಪ್ಲಗ್ಗಿನ ಬಿಗಿ ನನ್ನ ಬೆರಳಿಗೆ ಇನ್ನೂ ನೆನಪಿದೆ.

"ನೀವೇ," ಎಂದೆ. ದಿನಚರಿಯನ್ನೂ ಕೇಳಲಿಲ್ಲ.